ಅಡುಗೆಮನೆ ಡಬ್ಬಿಯಲ್ಲಿದ್ದ ಗುಳಿಗೆ

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲಿನ ಮಾತು. ಮಂಗಳೂರಿನ ಕುದ್ರೋಳಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಎಂಬಿಬಿಎಸ್ ಮುಗಿಸಿದಂದಿನಿಂದ ಅಲ್ಲೇ ಕೂತು ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ನೋಡಿದವಳು ನಾನು. ಸ್ವಲ್ಪ ದೊಡ್ಡ ಕಾಯಿಲೆ ಕಂಡರೆ ಚೀಟಿ ಬರೆದು ಫಳ್ನೀರಿನ ದೊಡ್ಡ ಆಸ್ಪತ್ರೆಗಳಿಗೆ ಕಳಿಸಿಬಿಡುತ್ತಿದ್ದೆ. "ನೀನು ಡಾಕ್ಟರಾ, ಪೋಸ್ಟ್ ಆಫೀಸಾ ಮಾರಾಯ್ತಿ?" ಎಂದು ನನ್ನ ಗಂಡ ತಮಾಷೆ ಮಾಡುವುದಿತ್ತು. ಹೊರಗೆ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು.

ಅಷ್ಟರಲ್ಲಿ ನಮ್ಮಂಥ ಸಣ್ಣ ಕ್ಲಿನಿಕ್‌ಗಳ ಡಾಕ್ಟರುಗಳಿಗೆ ಹೆಪಟೈಟಿಸ್ ಸಿ ಚಿಕಿತ್ಸೆ ಕಲಿಸುವ ಆನ್‌ಲೈನ್ ತರಗತಿ ಶುರುವಾಯಿತು. ಪ್ರತಿ ಬುಧವಾರ ಮಧ್ಯಾಹ್ನ ಬೆಂಗಳೂರಿನ ಲಿವರ್ ತಜ್ಞರೊಬ್ಬರು ಲ್ಯಾಪ್‌ಟಾಪ್ ಪರದೆಯ ಮೇಲೆ ಬರುತ್ತಿದ್ದರು. ಬೇರೆ ಬೇರೆ ಊರಿನ ನಾವು ಮೂವತ್ತು ಮಂದಿ. ನಮ್ಮ ರೋಗಿಯ ವಿಷಯ ನಾವು ಹೇಳಬೇಕು, ಅವರು ದಾರಿ ತೋರಿಸುತ್ತಾರೆ. ರೋಗಿಯ ಹೆಸರು ಮಾತ್ರ ಹೇಳುವಂತಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಅಷ್ಟೇ.

ನನ್ನ ಮೊದಲ ಕೇಸ್ ಐಸಮ್ಮ. ಹೆಸರು ಬರೆಯಿರಿ ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಕ್ಲಿನಿಕ್‌ನಿಂದ ಐದು ನಿಮಿಷ ನಡೆದರೆ ಅವರ ಮನೆ. ಪತ್ತಿರ್ ಎಂಬ ತೆಳ್ಳಗಿನ ಅಕ್ಕಿ ರೊಟ್ಟಿ ಮಾಡಿ ಮನೆಮನೆಗೆ, ಹೋಟೆಲಿಗೆ ಕೊಡುವುದೇ ಅವರ ಕಸುಬು. ಹರ್ನಿಯಾ ಆಪರೇಷನ್ನಿಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಸಿ ಇರುವುದು ಗೊತ್ತಾಯಿತು. ಹಿಂದೊಮ್ಮೆ ಹೆರಿಗೆಯಲ್ಲಿ ಅವರಿಗೆ ರಕ್ತ ಕೊಟ್ಟಿದ್ದರಂತೆ, ಅದರಿಂದಲೇ ಬಂದಿರಬೇಕು. ಅಭ್ಯಾಸಬಲದಿಂದ ನಾನು ಚೀಟಿಗೆ ಕೈಹಾಕಿದೆ.

"ಫಳ್ನೀರಿಗೆ ನಾನು ಹೋಗುದಿಲ್ಲ ಡಾಕ್ಟ್ರೇ. ಅಲ್ಲಿ ನಮ್ಮವರು ಯಾರಾದ್ರೂ ಸಿಕ್ಕಿಯೇ ಸಿಗ್ತಾರೆ. ಇಂಥ ರೋಗ ಉಂಟೂಂತ ಗೊತ್ತಾದ್ರೆ ನನ್ನ ಕೈಯ ರೊಟ್ಟಿ ಯಾರು ತಿಂತಾರೆ?" ಎಂದರು.

"ಇದು ತಿಂಡಿಯಿಂದ ಹರಡುದಿಲ್ಲ ಐಸಮ್ಮ."

"ನಿಮಗೆ ಗೊತ್ತುಂಟು. ಊರಿಗೆ ಯಾರು ಹೇಳ್ತಾರೆ?"

ಚೀಟಿ ಬದಿಗಿಟ್ಟೆ. ರಿಪೋರ್ಟುಗಳನ್ನೆಲ್ಲ ತಜ್ಞರಿಗೆ ತೋರಿಸಿ, ನಾನೇ ಗುಳಿಗೆ ಶುರು ಮಾಡಿದೆ. ದಿನಕ್ಕೊಂದು, ಹನ್ನೆರಡು ವಾರ. ಆ ದಿನ ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೊಸದಾಗಿ ಡಾಕ್ಟರ್ ಆದವಳ ಖುಷಿ!

ಹತ್ತು ದಿನ ಕಳೆದು ಬಂದ ಬುಧವಾರ ಬಹಳ ಜಂಬದಿಂದ "ಐವತ್ತೆರಡರ ಹೆಂಗಸು, ಆರಾಮಾಗಿದ್ದಾರೆ" ಎಂದು ವರದಿ ಒಪ್ಪಿಸಿದೆ.

"ಬೇರೆ ಯಾವ ಮದ್ದೂ ತಗೊಳ್ತಿಲ್ಲ ಅಲ್ವಾ ಮೇಡಂ?" ಎಂದು ತಜ್ಞರು ಕೇಳಿದರು.

"ಇಲ್ಲ ಸರ್, ಕೇಳಿಯೇ ಬರೆದದ್ದು."

"ಮದ್ದು ಅಂತ ಹೆಸರಿಡದೆ ನುಂಗೋದು? ಗ್ಯಾಸ್ ಗುಳಿಗೆ, ಅಂಥದ್ದು?"

ಥಟ್ಟನೆ ನೆನಪಾಯಿತು. ಆ ಬೆಳಿಗ್ಗೆ ನಾನೇ ಒಂದು ಗ್ಯಾಸ್ ಗುಳಿಗೆ ನುಂಗಿ ಬಂದಿದ್ದೆ. ನನ್ನನ್ನು ಯಾರಾದರೂ ಕೇಳಿದ್ದರೆ ನಾನೂ "ಯಾವ ಮದ್ದೂ ಇಲ್ಲ" ಎಂದೇ ಹೇಳುತ್ತಿದ್ದೆ! ಹೊಟ್ಟೆಯ ಆಮ್ಲ ಕಡಿಮೆಯಾದರೆ ಈ ಹೊಸ ಗುಳಿಗೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ ಎಂದು ತರಗತಿಯಲ್ಲಿ ಕಲಿಸಿದ್ದರು. ನಾನು ನೋಟ್ಸ್ ಕೂಡ ಬರೆದುಕೊಂಡಿದ್ದೆ.

ತರಗತಿ ಮುಗಿದದ್ದೇ ತಡ, ಐಸಮ್ಮನ ಮನೆಗೆ ಓಡಿದೆ. ಅವರು ಒಲೆಯ ಮುಂದೆ ರೊಟ್ಟಿ ಕಾಯಿಸುತ್ತಿದ್ದರು. ಶೆಲ್ಫಿನಲ್ಲಿ ಉಪ್ಪಿನ ಭರಣಿಯ ಪಕ್ಕ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಸ್ಟ್ರಿಪ್ಪಿನ ಮೇಲೆ ಸ್ಟ್ರಿಪ್!

"ಇದೆಂತ ಐಸಮ್ಮ? ಮದ್ದು ಇಲ್ಲ ಅಂದದ್ದಲ್ವಾ ನೀವು?"

"ಅದೆಂತ ಮದ್ದಾ? ಅದು ಗ್ಯಾಸಿಂದು! ಬೆಳಿಗ್ಗೆ ನಿಮ್ಮ ಗುಳಿಗೆಯ ಒಟ್ಟಿಗೇ ನುಂಗ್ತೇನೆ. ಆಗ ಎರಡೂ ಮರೆಯುದಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಯಾರು ಕೊಟ್ಟದ್ದು ಇದನ್ನು? ದಿನಾ ನುಂಗಲಿಕ್ಕೆ ಯಾವ ಪುಣ್ಯಾತ್ಮ ಹೇಳಿದ್ದು?" ಎಂದು ಜೋರು ಮಾಡಿದೆ.

ಐಸಮ್ಮ ಡಬ್ಬಿಯ ಅಡಿಯಿಂದ ಮಡಿಸಿದ ಹಳೆಯ ಕಾಗದವೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. "ನೀವೇ ಅಲ್ವಾ ಡಾಕ್ಟ್ರೇ! ಮಗನ ಮದುವೆ ಸಮಯದಲ್ಲಿ."

ನನ್ನದೇ ಅಕ್ಷರ, ನನ್ನದೇ ಸಹಿ. ಹದಿನೈದು ದಿನಕ್ಕೆಂದು ಬರೆದದ್ದು. ಆ ಮಗನಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ! ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ಐಸಮ್ಮನೇ ನೀರು ಕೊಟ್ಟು ನನ್ನನ್ನು ಸಮಾಧಾನ ಮಾಡಬೇಕಾಯಿತು.

ಸಂಜೆ ತಜ್ಞರಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಬೈಯಲಿಲ್ಲ ಪುಣ್ಯಾತ್ಮರು. "ಗ್ಯಾಸಿಂದು ನಿಲ್ಲಿಸಿ, ಇದನ್ನು ಮುಂದುವರಿಸಿ. ನಾನೂ ಒಂದು ಸಲ ಹೀಗೇ ಬಿದ್ದಿದ್ದೇನೆ ಮೇಡಂ," ಎಂದರು. ಆ ಹತ್ತು ದಿನ ಏನು ಕೆಡಿಸಿದೆಯೋ ಎನ್ನುವುದು ಮಾತ್ರ ಕೊನೆಯ ಪರೀಕ್ಷೆಯವರೆಗೆ ತಿಳಿಯುವಂತಿರಲಿಲ್ಲ. ಮುಂದಿನ ಬುಧವಾರ ಮೂವತ್ತು ಮಂದಿಯ ಎದುರು ಹಳೆಯ ಚೀಟಿಯ ಕಥೆಯನ್ನೂ ಹೇಳಿದೆ. ಅಂದಿನಿಂದ ನನ್ನ ಕೇಸಿಗೆ "ಮಂಗಳೂರಿನ ಡಬ್ಬಿ" ಎಂದೇ ಹೆಸರು ಬಿತ್ತು.

ಐಸಮ್ಮ ಖಾರ ಬಿಟ್ಟರು, ಉಪ್ಪಿನಕಾಯಿ ಬಿಟ್ಟರು, ಗಂಜಿ ಉಂಡರು. "ಎದೆ ಉರಿಯುವಾಗೆಲ್ಲ ನಿಮ್ಮದೇ ನೆನಪು ಡಾಕ್ಟ್ರೇ" ಎಂದು ಸಿಕ್ಕಿದಾಗಲೆಲ್ಲ ಚುಚ್ಚುತ್ತಿದ್ದರು. ಹನ್ನೆರಡು ವಾರ ಗುಳಿಗೆ, ಮುಗಿದ ಮೇಲೆ ಮತ್ತೆ ಹನ್ನೆರಡು ವಾರ ಕಾಯುವುದು. ಆಮೇಲೆ ರಕ್ತ ಪರೀಕ್ಷೆ. ಕಾದು ಕಾದು ನನ್ನ ನಿದ್ದೆಯೇ ಹಾರಿಹೋಗಿತ್ತು.

ರಿಪೋರ್ಟು ಬಂದದ್ದೂ ಒಂದು ಬುಧವಾರವೇ. ತರಗತಿ ನಡೆಯುತ್ತಿತ್ತು. ಮೊಬೈಲಿನಲ್ಲಿ ತೆರೆದು ನೋಡಿದೆ: ವೈರಸ್ ಪತ್ತೆಯಾಗಿಲ್ಲ. "ಸರ್, ಡಬ್ಬಿ ಗೆದ್ದಿತು!" ಎಂದು ಕಿರುಚಿದೆ. ಪರದೆಯ ತುಂಬ ಚಪ್ಪಾಳೆ. ಅದೇ ಹೊತ್ತಿಗೆ, ನಾನು ಬರಹೇಳಿದ ಸಮಯಕ್ಕೆ ಒಂದು ಗಂಟೆ ಮೊದಲೇ, ಐಸಮ್ಮ ಟಿಫಿನ್ ಕ್ಯಾರಿಯರ್ ಹಿಡಿದು ಒಳಗೆ ಬಂದರು.

"ವೈರಸ್ ಸಿಗಲಿಲ್ಲ ಐಸಮ್ಮ!"

"ಸಿಗ್ಲಿಲ್ವಾ? ಮತ್ತೆ ಇನ್ನೊಮ್ಮೆ ಹುಡುಕ್ಬೇಕಾ?"

"ಬೇಡ ಮಾರಾಯ್ರೇ! ಗುಣ ಆಯ್ತು! ಪೂರ್ತಿ ಗುಣ!"

ಅವರು ಕ್ಯಾರಿಯರನ್ನು ಮೇಜಿನ ಮೇಲಿಟ್ಟರು. ಆಮೇಲೆ "ಅಲ್ಹಂದುಲಿಲ್ಲಾ" ಎಂದು ಕಣ್ಣೊರೆಸಿಕೊಂಡು, ತಲೆಯ ಶಾಲು ಸರಿ ಮಾಡಿಕೊಂಡು ಲ್ಯಾಪ್‌ಟಾಪಿನ ಕಡೆ ಬಂದರು. ಕ್ಯಾಮೆರಾ ಮುಚ್ಚಲು ನಾನು ಕೈ ನೀಡಿದೆ. ನನ್ನ ಕೈಯನ್ನು ಸರಿಸಿಯೇಬಿಟ್ಟರು.

"ನಾನು ಐಸಮ್ಮ. ಕುದ್ರೋಳಿಯಲ್ಲಿ ಪತ್ತಿರ್ ಮಾಡಿ ಮಾರುವವಳು. ಆ ಡಬ್ಬಿ ನನ್ನದೇ," ಎಂದರು.

ತಜ್ಞರು ಕನ್ನಡಕ ತೆಗೆದರು. "ಐಸಮ್ಮ, ಮುಂದಿನ ತಿಂಗಳು ಮಂಗಳೂರಿಗೆ ಬರ್ತಿದ್ದೇನೆ. ನಿಮ್ಮ ಕೈಯ ರೊಟ್ಟಿ ನನಗೆ ಸಿಗ್ತದಾ?"

ಐಸಮ್ಮ ಹೌದೆಂದು ತಲೆಯಾಡಿಸಿದರು, ಮತ್ತೆ ಮತ್ತೆ ಆಡಿಸಿದರು. ನಾನಂತೂ ಅತ್ತೇಬಿಟ್ಟೆ.

ತಜ್ಞರು ಹೇಳಿದ ಹಾಗೆಯೇ ಬಂದರು. ಐಸಮ್ಮನ ಅಡುಗೆಮನೆಯಲ್ಲಿ ಮಣೆ ಹಾಕಿ ಕೂತು ಆರು ಪತ್ತಿರ್ ತಿಂದರು. ಶೆಲ್ಫಿನ ಆ ಡಬ್ಬಿಯಲ್ಲಿ ಈಗ ಜೀರಿಗೆ ಇತ್ತು.