ಚಿಕ್ಕಮ್ಮನ ಮನೆಗೆ ಕಾರು ಬರುತ್ತದೆಯೇ? ಫಾಲ್ಸ್!

ಮೂರನೆಯ ಕಾರೂ ಅದೇ ಹಲಸಿನ ಮರದ ಬುಡದಲ್ಲಿ ಹೂತುಹೋಯಿತು.

ಜುಲೈ ತಿಂಗಳ ಮಳೆ. ಕೊಡಗಿನ ಮೂರ್ನಾಡಿನಿಂದ ಒಳಗೆ ಸ್ವಲ್ಪ ದೂರ ಹೋದರೆ ಚಿಕ್ಕಮ್ಮನ ಮನೆಯ ಏರು. ಬೆಂಗಳೂರಿನಿಂದ ಮನೆ ಕೊಳ್ಳಲು ಬಂದಿದ್ದ ದಂಪತಿ ಇಳಿದರು. ಕೆಸರು ನೋಡಿದರು, ಜಿಗಣೆ ನೋಡಿದರು. ಮನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿಕೊಂಡು ವಾಪಸ್ಸು ಹೋದರು.

ಅವರ ಕಾರನ್ನು ಎಳೆದುಕೊಟ್ಟದ್ದು ನಮ್ಮ ಭಾವನ ಜೀಪು. ಜಾಹೀರಾತಿನಲ್ಲಿ ‘ಮನೆ ಬಾಗಿಲವರೆಗೆ ರಸ್ತೆ ಸೌಕರ್ಯ’ ಎಂದು ಬರೆದದ್ದೂ ನಮ್ಮ ಭಾವನೇ.

ಭಾವ ಎಂದರೆ ಅಕ್ಕನ ಗಂಡ, ಮನೆ-ತೋಟ ಕೊಡಿಸುವ ಬ್ರೋಕರ್. ಅವರ ವೆಬ್‌ಸೈಟಿನ ಮಹಾಮಂತ್ರಿ ನಾನು. ಸಂಬಳ, ಅಕ್ಕ ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆ, ಕಡಂಬಿಟ್ಟು.

"ಸುಳ್ಳು ಯಾಕೆ ಬರೆದ್ರಿ ಭಾವ?"

"ಸುಳ್ಳು ಎಂತದು ಮಾರಾಯ್ತಿ? ರಸ್ತೆ ಉಂಟಲ್ಲ! ನನ್ನ ಜೀಪು ಹೋಗುದಿಲ್ವಾ?"

ನಮ್ಮ ಕಡೆ ರಸ್ತೆ ಇದೆ ಎಂದರೆ ಜೀಪು ಹೋಗುತ್ತದೆ ಎಂದು ತೊಟ್ಟಿಲ ಮಗುವಿಗೂ ಗೊತ್ತು. ಗೊತ್ತಿಲ್ಲದಿರುವುದು ಮನೆ ಕೊಳ್ಳುವವರಿಗೆ ಮಾತ್ರ.

ಚಿಕ್ಕಮ್ಮ ಬ್ಲೌಸ್ ಹೊಲಿಯುತ್ತಾರೆ. ಅಳತೆ ಕೊಡಲು ಬಂದವರು ಆ ಏರು ಹತ್ತುವಷ್ಟರಲ್ಲಿ ಸೊಂಟ ಎರಡಿಂಚು ಕಡಿಮೆಯಾಗಿರುತ್ತದೆ. ಮನೆಗೆ ಹೋಗಿ ಎರಡು ದಿನ ಉಂಡರೆ ಬ್ಲೌಸ್ ಹಿಡಿಯುವುದಿಲ್ಲ!

ಅದಕ್ಕೇ ಮೂರ್ನಾಡು ಪೇಟೆಯಲ್ಲಿ, ಮುಂದೆ ಅಂಗಡಿಯಿರುವ ಪುಟ್ಟ ಮನೆಯೊಂದನ್ನು ನೋಡಿಟ್ಟಿದ್ದರು. ಅದರ ಯಜಮಾನರು ವರ್ಷದ ಕೊನೆಗೆ ಬರುವ ಹುತ್ತರಿ ಹಬ್ಬದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದಿದ್ದರು. ಹಳೆಯ ಮನೆ ಮಾರದೆ ಹೊಸದು ಸಿಗುವಂತಿಲ್ಲ. ಆದರೆ ಮಿಷನ್ ಇಡುವ ಮೂಲೆಯನ್ನು ಮಾತ್ರ ಚಿಕ್ಕಮ್ಮ ಆಗಲೇ ಗುರುತು ಮಾಡಿ ಬಂದಿದ್ದರು...

ಹಾಗಾಗಿ ಒಂದು ಭಾನುವಾರ, ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಸ್ಟ್ರಕ್ಚರ್ಡ್ ಡೇಟಾ ಮಾರ್ಕಪ್ ಎಂಬ ಮಹಾವಿದ್ಯೆಗೆ ಕುಳಿತೆ.

ಹೆಸರು ಕೇಳಿ ಓಡಬೇಡಿ. ವೆಬ್ ಪುಟದಲ್ಲಿ ನಾವು ಓದುವ ವರ್ಣನೆಯ ಹಿಂದೆ, ಸರ್ಚ್ ಇಂಜಿನ್ ಓದಲೆಂದು ತುಂಬಿಡುವ ಒಂದು ಫಾರಂ ಅದು, ಅಷ್ಟೇ. ಊರು ಯಾವುದು, ಕೋಣೆ ಎಷ್ಟು, ಬಾವಿ ಇದೆಯೇ. ರಮಣೀಯ, ಮನಮೋಹಕ ಎಲ್ಲ ಅದಕ್ಕೆ ಬೇಡ. ಸೌಕರ್ಯದ ಗೆರೆಗಳನ್ನು ನಾವೇ ಸೇರಿಸಬಹುದು. ಆದರೆ ಅವುಗಳ ಮುಂದೆ ನಾನು ಹಾಕಬೇಕಾದ ಉತ್ತರ ಎರಡೇ: ಟ್ರೂ ಅಥವಾ ಫಾಲ್ಸ್, ಅಂದರೆ ನಿಜ ಅಥವಾ ಸುಳ್ಳು.

ಭಾವ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಬಾವಿ?"

"ಟ್ರೂ."

"ಕರೆಂಟು?"

ಭಾವ ಕಿಟಕಿಯಾಚೆ ನೋಡಿದರು. "ಉಂಟು... ಗಾಳಿಮಳೆಗೆ ಒಮ್ಮೊಮ್ಮೆ ಹೋಗ್ತದೆ. ಸ್ವಲ್ಪ ಟ್ರೂ ಹಾಕು."

"ಸ್ವಲ್ಪ ಟ್ರೂ ಅಂತ ಇಲ್ಲ ಭಾವ."

"ಎಂತ ಕಂಪ್ಯೂಟರ್ ಮಾರಾಯ್ತಿ! ಒಂದು ದಾಕ್ಷಿಣ್ಯ ಬೇಡ್ವಾ ಅದಕ್ಕೆ?"

ಮನೆ ಬಾಗಿಲಿಗೆ ಕಾರು ಬರುತ್ತದೆಯೇ ಎಂಬ ಗೆರೆಗೆ ನಾನು ಫಾಲ್ಸ್ ಹಾಕಿದೆ. ಫಾರಂನಲ್ಲಿದ್ದದ್ದು ಓದುವವರ ಕಣ್ಣಿಗೂ ಕಾಣಬೇಕೆಂಬುದು ಈ ವಿದ್ಯೆಯ ನಿಯಮ. ಆದ್ದರಿಂದ ಭಾವನ ರಸ್ತೆ ಸೌಕರ್ಯವನ್ನು ಅಳಿಸಿ, ದಪ್ಪ ಅಕ್ಷರದಲ್ಲಿ ಬರೆದೆ: ಈ ಮನೆಗೆ ಕಾರು ಬರುವುದಿಲ್ಲ. ಜೀಪು ಮಾತ್ರ ಬರುತ್ತದೆ.

ಭಾವ ನೇರ ಚಿಕ್ಕಮ್ಮನಲ್ಲಿಗೆ ದೂರು ಒಯ್ದರು. "ನೋಡಿ ಅತ್ತೆ, ಗಂಡಿನ ಬಯೋಡೇಟಾದಲ್ಲಿ ಗೊರಕೆ ಹೊಡೀತಾನೆ ಅಂತ ಬರೆದ ಹಾಗೆ ಬರೆದಿದ್ದಾಳೆ ಇವಳು!"

"ಬರೀಲಿ ಬಿಡಿ," ಎಂದರು ಚಿಕ್ಕಮ್ಮ. "ಕಾರು ಎಳಿಯೋದು ನೋಡಿ ನೋಡಿ ನಂಗೂ ಸಾಕಾಯ್ತು."

ಆಗಸ್ಟ್ ಹೋಯಿತು, ಫೋನಿಲ್ಲ. ಸೆಪ್ಟೆಂಬರ್ ಹೋಯಿತು, ಫೋನಿಲ್ಲ. ಎದುರು ಸಿಕ್ಕಾಗಲೆಲ್ಲ ಭಾವನ ಕುಶಲ ಪ್ರಶ್ನೆ: "ನಿನ್ನ ಫಾಲ್ಸ್ ಹೇಗುಂಟು? ಆರೋಗ್ಯವಾ?"

ಅದನ್ನಾದರೂ ಸಹಿಸಬಹುದಿತ್ತು. ಒಂದು ದಿನ ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ, "ನಾವು ತಪ್ಪು ಮಾಡಿದ್ವಾ ಮಗಾ?" ಎಂದರು.

ಅವತ್ತಿನ ಸಂಬಳದ ಕಡಂಬಿಟ್ಟನ್ನು ನಾನು ಮುಟ್ಟದೆ ಅಕ್ಕನಿಗೇ ವಾಪಸ್ಸು ಕೊಟ್ಟೆ.

ಅಕ್ಟೋಬರಿನಲ್ಲಿ ಒಂದು ಫೋನ್ ಬಂತು. ಭಾವ ಸ್ಪೀಕರ್‌ಗೆ ಹಾಕಿದರು.

"ಕಾರು ಬರೋದಿಲ್ಲ ಅಂತ ಹಾಕಿದ್ದೀರಲ್ಲ... ನಿಜವಾಗ್ಲೂ ಬರೋದಿಲ್ವಾ?"

ಭಾವ ನನ್ನ ಕಡೆ ನೋಡಿದ ನೋಟಕ್ಕೆ ಹಸಿ ಕಾಫಿಬೀಜ ಹುರಿದುಹೋಗಬೇಕು. ನಾನೇ ಬಗ್ಗಿ ಹೇಳಿದೆ, "ಇಲ್ಲ ಅಣ್ಣ. ಮೂವತ್ತು ವರ್ಷದಿಂದ ಬಂದಿಲ್ಲ."

"ಅಬ್ಬಾ! ನಾಳೆ ಬರ್ತೇನೆ."

ಬಂದವರು ಮಡಿಕೇರಿ ಕಡೆಯ ಜೀಪ್ ಡ್ರೈವರ್. ಪ್ರವಾಸಿಗರನ್ನು ಬೆಟ್ಟಕ್ಕೆ ಹತ್ತಿಸುವುದು ಅವರ ಕಸುಬು. ಅವರ ಮನೆ ರಸ್ತೆ ಬದಿಗೇ ಇತ್ತು. ರಜೆ ಬಂತೆಂದರೆ ಗೇಟಿನ ಮುಂದೆ ಕಾರುಗಳ ಸಾಲು. ಬೆಳಕು ಹರಿಯುವ ಮೊದಲೇ ಹಾರ್ನ್, "ಅಣ್ಣಾ, ವ್ಯೂ ಪಾಯಿಂಟ್ ಎಲ್ಲಿ?" ಗಂಡ ಹೆಂಡತಿ ಬೇಸತ್ತು, ಕಾರು ಹೋಗದ, ಜೀಪು ಹೋಗುವ ಮನೆ ಎಂದು ಮೊಬೈಲಿನಲ್ಲಿ ಹುಡುಕಿದರಂತೆ. ಸಿಕ್ಕಿದ್ದು ನಮ್ಮ ಪುಟ. ಉಳಿದ ಕಡೆಯೆಲ್ಲ ರಸ್ತೆ ಸೌಕರ್ಯ!

ಕೆಲಸ ಮಾಡಿದ್ದು ಹಿಂದಿನ ಫಾರಮೋ ಮುಂದಿನ ದಪ್ಪ ಅಕ್ಷರವೋ, ಸರ್ಚ್ ಇಂಜಿನ್ ಬಾಯಿ ಬಿಟ್ಟು ಹೇಳುವುದಿಲ್ಲ. ಅದರಿಂದ ನನ್ನ ಕೀರ್ತಿಗೇನೂ ಕುಂದಿಲ್ಲ. ಎರಡನ್ನೂ ಬರೆದವಳು ನಾನೇ.

ಅವರ ಜೀಪು ಹಲಸಿನ ಮರವನ್ನು ಗಣನೆಗೇ ತೆಗೆದುಕೊಳ್ಳದೆ ಹತ್ತಿತು. ಇಳಿದವರು ಮನೆಯನ್ನು ನೋಡುವ ಮೊದಲು ತಿರುಗಿ ನಿಂತು ಆ ಏರನ್ನು, ಹೆಣ್ಣು ನೋಡಲು ಬಂದವರ ಹಾಗೆ, ಕಣ್ತುಂಬ ನೋಡಿದರು.

ಹುತ್ತರಿಗೆ ಮೊದಲೇ ಮಾರುವುದು, ಕೊಳ್ಳುವುದು ಎಲ್ಲ ಮುಗಿಯಿತು. ಚಿಕ್ಕಮ್ಮನ ಹೊಲಿಗೆ ಮಿಷನ್ ಪೇಟೆಗೆ ಇಳಿದದ್ದು ಅದೇ ಜೀಪಿನಲ್ಲಿ.

ಈಗ ಅದು ಗುರುತು ಮಾಡಿದ ಮೂಲೆಯಲ್ಲೇ ಕೂತು ಕಟಕಟ ಅನ್ನುತ್ತಿದೆ. ಹೊಸ ಅಂಗಡಿಯ ಮೊದಲ ಬ್ಲೌಸ್ ನನಗೆ. ಏರು ಹತ್ತದೆ ಕೊಟ್ಟ ಅಳತೆ, ನಿಜವಾದ ಸೊಂಟ. ಹಾಕಿಕೊಂಡು ಪೇಟೆಯಲ್ಲಿ ಎರಡು ಸುತ್ತು ಸುಮ್ಮನೆ ಬಂದೆ.

ಭಾವ ಅಂಗಡಿ ಮುಂದೆ ನಿಂತು ಎಲ್ಲರಿಗೂ "ಬಿಸಿನೆಸ್ಸಿಗೆ ಸತ್ಯವೇ ಮೂಲ, ನಾನು ಮೊದಲಿಂದ ಹೇಳ್ತಾ ಬಂದಿದ್ದೇನೆ" ಎಂದು ಪ್ರವಚನ ಕೊಡುತ್ತಿದ್ದಾರೆ. ನಿನ್ನೆ ನೆಲ್ಯಹುದಿಕೇರಿಯಿಂದ ಫೋನ್ ಮಾಡಿದ್ದರು. "ಹೊಳೆ ಬದಿ ಮನೆಯೊಂದು ಬಂದಿದೆ. ಮಳೆಗಾಲಕ್ಕೆ ಹೊಳೆ ಒಳಗೆ ಬರ್ತದಾ ಅಂತ ಒಂದು ಗೆರೆ ಸೇರಿಸು ಮಾರಾಯ್ತಿ. ಟ್ರೂ!"

ಹೇಳಿ ನೋಡೋಣ, ನಿಮ್ಮ ಮನೆಯ ಫಾರಂ ತುಂಬಲು ನನ್ನನ್ನು ಕೂರಿಸಿದರೆ, ದಾಕ್ಷಿಣ್ಯ ಬಿಟ್ಟು ಯಾವ ಗೆರೆಗೆ ಫಾಲ್ಸ್ ಹಾಕಿಸುತ್ತೀರಿ?