ಕೊಟ್ಟೆ, ಈಸ್ಕಂಡೆ

“ಈಸ್ಕಂಡೆ ಅನ್ನು. ಆಮೇಲೆ ಬುಡ್ತೀನಿ.”

ಆ ಹೆಂಗಸು ಹೀಗಂದಾಗ ನನ್ನ ಮಗಳ ಮಣಿಕಟ್ಟು ಆಕೆಯ ಮುಷ್ಟಿಯಲ್ಲಿತ್ತು. ನಾನು ಎಳೆಯುತ್ತಿದ್ದೆ. ಆಕೆ ಬಿಡುತ್ತಿರಲಿಲ್ಲ. ಮಕ್ಕಳ ಕಳ್ಳಿ ಅಂತ ಕೂಗಿಬಿಡೋಣ ಎಂದು ಬಾಯಿ ತೆರೆದೆ, ಗಂಟಲಿನಿಂದ ಸದ್ದೇ ಹೊರಡಲಿಲ್ಲ. (ವಾರವಾರ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ಇದೇ ನನಗೆ!)

ಮೊದಲಿನಿಂದ ಹೇಳುತ್ತೇನೆ.

ನಮ್ಮ ಮಗಳು ಇಂಚರಾಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಬಂದಿಲ್ಲ. (ಹೆಸರಿಡುವಾಗ ನಮಗೇನು ಗೊತ್ತಿತ್ತು?) ನೀರೆಂದರೆ ಅವಳಿಗೆ ಪ್ರಾಣ. ನಲ್ಲಿ ಬಿಟ್ಟರೆ ಸಾಕು, ಊಟ ನಿದ್ದೆ ಏನೂ ಬೇಡ. ನಮಗೋ, ನೀರೆಂದರೆ ಪ್ರಾಣವೇ ಹೋಗುವಷ್ಟು ಭಯ. ಮಂಡ್ಯದಲ್ಲಿದ್ದುಕೊಂಡು ನೀರಿಗೆ ಹೆದರಿದರೆ ಬದುಕುವುದು ಹೇಗೆ ಹೇಳಿ? ಯಾವ ದಿಕ್ಕಿಗೆ ಹೊರಟರೂ ಒಂದು ನಾಲೆ ಅಡ್ಡ ಬರುತ್ತದೆ. ಅದಕ್ಕೇ ಮೂರು ವರ್ಷದಿಂದ ನಾವು ಮೂವರೂ ಒಟ್ಟಿಗೆ ಎಲ್ಲಿಗೂ ಹೋಗಿರಲಿಲ್ಲ. ನೆಂಟರ ಮದುವೆಗೆ ನಾನೊಬ್ಬಳೇ ಹೋಗಿ, ಅಕ್ಷತೆ ಹಾಕಿ, ಎಲೆ ಮುಂದೆ ಕೂತ ಶಾಸ್ತ್ರ ಮಾಡಿ ಓಡಿ ಬರುತ್ತೇನೆ.

ಕಳೆದ ಭಾನುವಾರ ನಮ್ಮ ಯಜಮಾನರಿಗೆ ಇದ್ದಕ್ಕಿದ್ದಂತೆ ಧೈರ್ಯ ಬಂತು. ಶಿವನಸಮುದ್ರಕ್ಕೆ ಹೋಗೋಣ, ಕಂಬಿಯ ಈಚೆಯಿಂದಲೇ ಜಲಪಾತ ತೋರಿಸಿಕೊಂಡು ಬರೋಣ ಅಂದರು. ಮದ್ದೂರಿನ ಮೇಲೆ ಹೋದರೆ ವಡೆಯೂ ಸಿಗುತ್ತದೆ ಅನ್ನುವುದು ಒಳಗಿನ ಆಸೆ. ಮೊಬೈಲಿನಲ್ಲಿ ಜಲಪಾತದ ಫೋಟೋ ತೋರಿಸಿದರೆ ಇಂಚರಾ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಇನ್ನು ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ವಡೆ ಕಟ್ಟಿಸಿಕೊಂಡು ಮದ್ದೂರು ದಾಟಿದೆವು. ಮಳವಳ್ಳಿ ರಸ್ತೆಯ ಒಂದು ಸಣ್ಣ ಹೋಟೆಲಿನ ಮುಂದೆ ಕಾಫಿಗೆಂದು ಕಾರು ನಿಲ್ಲಿಸಿದೆವು. ಹಿಂದೆಲ್ಲಾ ಕಬ್ಬು. ಕಾಫಿ ಕುಡಿದಾಯಿತು. ನಾನು ಕೈ ತೊಳೆಯಲು ಹೋದೆ. ಯಜಮಾನರು ಬಿಲ್ ಕೊಡಲು ಹೋದರು. ಮಗು ಅವರ ಹತ್ತಿರ ಇದೆ ಅಂತ ನಾನು, ನನ್ನ ಹತ್ತಿರ ಇದೆ ಅಂತ ಅವರು.

ಇಷ್ಟೇ ನಡೆದದ್ದು. ಬೇರೆ ಮನೆಗಳಲ್ಲಿ ಇದೊಂದು ತಪ್ಪೇ ಅಲ್ಲ. ಅವರ ಮಗು ‘ಅಮ್ಮಾ’ ಅಂತ ಕೂಗುತ್ತದೆ. ನಮ್ಮದು ಕೂಗುವುದಿಲ್ಲ. ಕರೆದರೆ ತಿರುಗುವುದೂ ಇಲ್ಲ.

“ಎಲ್ಲಿ?” ಅಂದೆ.

“ನಿನ್ನ ಜೊತೆ ಬಂದಳಲ್ಲ?” ಅಂದರು.

ಯಜಮಾನರು ರಸ್ತೆ ಕಡೆ ಓಡಿದರು. ಕಬ್ಬು ತುಂಬಿದ ಲಾರಿಯೊಂದು ಹಾರನ್ ಹೊಡೆಯುತ್ತಾ ಹೋಯಿತು. ಲಾರಿಯ ಆಚೆ ಏನು ಕಾಣುತ್ತದೋ ಅಂತ ನಾನು ಕಣ್ಣು ಮುಚ್ಚಿಕೊಂಡೆ. (ತಾಯಿಯಾದವಳು ಕಣ್ಣು ಮುಚ್ಚಬಹುದೇ? ಮುಚ್ಚಿದೆ.) ಆಮೇಲೆ ಹೋಟೆಲಿನ ಅಡುಗೆಯವನನ್ನು ಹಿಂದೆ ಏನಿದೆ ಅಂತ ಕೇಳಿದೆ. ಅವನು ದೋಸೆ ಮಗುಚುತ್ತಾ, ಗದ್ದೆ ದಾಟಿದ್ರೆ ನಾಲೆ ಕಣಕ್ಕ, ತುಂಬ ನೀರು ಬುಟ್ಟವ್ರೆ ಅಂದ.

ಕಬ್ಬಿನ ನಡುವಿನ ಬದುವಿನ ಮೇಲೆ ಹೇಗೆ ಓಡಿದೆನೋ ಗೊತ್ತಿಲ್ಲ. ಗರಿ ಕುಯ್ದು ತೋಳೆಲ್ಲಾ ಗೀರಾಗಿದ್ದು ಕಾರಿನಲ್ಲಿ ಕೂತ ಮೇಲೆ ಕಂಡಿತು. ಒಂದು ಚಪ್ಪಲಿ ಈಗಲೂ ಅಲ್ಲೇ ಇದೆ. ದೇವರ ಹೆಸರು ಒಂದೂ ನೆನಪಾಗಲಿಲ್ಲ. ತಲೆಯೊಳಗೆ ಒಂದೇ ಮಾತು, ಅವಳು ಹಾಕಿಕೊಂಡಿದ್ದು ಹಳದಿ ಫ್ರಾಕು, ಹಳದಿ ಫ್ರಾಕು.

ನಾಲೆಯ ಮೆಟ್ಟಿಲ ಮೇಲೆ ಹಳದಿ ಫ್ರಾಕು ನಿಂತಿತ್ತು. ಅದರ ಕೆಳಗೆ ಎರಡು ಮೆಟ್ಟಿಲು, ಆಮೇಲೆ ನೀರು. ಅರವತ್ತು ದಾಟಿದ ಹೆಂಗಸೊಬ್ಬರು ಅವಳ ಮಣಿಕಟ್ಟು ಹಿಡಿದು ಕೂತಿದ್ದರು. ಅವರ ಇನ್ನೊಂದು ಕೈಯಲ್ಲಿ ಒಬ್ಬ ಯುವಕನ ಅಂಗಿಯ ಚುಂಗು. ದೊಡ್ಡ ಆಳು. ನೀರು ನೋಡುತ್ತಾ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ, ಥೇಟ್ ನನ್ನ ಮಗಳ ಹಾಗೆ.

ಆಗಲೇ ನಾನು ಎಳೆದದ್ದು, ಅವರು ಬಿಡದೇ ಇದ್ದದ್ದು.

“ಈಸ್ಕೊಂಡೆ” ಅಂದೆ ಕೊನೆಗೆ. ಆ ಕ್ಷಣವೇ ಕೈ ಬಿಟ್ಟರು.

ಈಗ ಬಯ್ಯುತ್ತಾರೆ ಅಂದುಕೊಂಡೆ. ಎಂಥಾ ತಾಯಿ ನೀನು ಅಂತ ಕೇಳಿಸಿಕೊಂಡು ಅಭ್ಯಾಸವಿದೆ ನನಗೆ, ಬಸ್ಸಿನಲ್ಲಿ, ಬೀದಿಯಲ್ಲಿ, ತವರಿನಲ್ಲೂ. ಅವರು ಬಯ್ಯಲಿಲ್ಲ. ಕೂತ್ಕೊ, ಉಸ್ರು ಬುಡು ಅಂದರು. ಅದಕ್ಕೇ ನನಗೆ ಅಳು ಬಂತು. ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ಇಂಚರಾ ನನ್ನ ಕಣ್ಣೀರು ಮುಟ್ಟಿ ಬೆರಳು ನೋಡಿಕೊಂಡಳು. ಅವಳಿಗೆ ಅದೂ ನೀರೇ.

ಹೆಸರು ಪುಟ್ಟತಾಯಮ್ಮ. ಯಲಿಯೂರಿನವರು. ಮಗ ಮಾದೇಶನಿಗೆ ಇಪ್ಪತ್ತಾರು, ಅವನಿಗೂ ಮಾತಿಲ್ಲ. ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ವಾಂತಿ ಮಾಡಿಕೊಂಡನಂತೆ, ಅದಕ್ಕೇ ಇಳಿದು ಮುಖ ತೊಳೆಸಲು ಕರೆತಂದಿದ್ದರು. ಅಷ್ಟರಲ್ಲಿ ಹಳದಿ ಫ್ರಾಕಿನವಳು ಪಕ್ಕದಲ್ಲೇ ಸರಸರ ಇಳಿದು ಹೋಗುವುದು ಕಂಡಿತಂತೆ. ನೋಡುತ್ತಲೇ ಗೊತ್ತಾಯ್ತು ಕಣವ್ವ ಅಂದರು. ನಮ್ಮ ಮಕ್ಕಳ ನಡಿಗೆ ನಮಗೆ ಗೊತ್ತಾಗದೇ ಇರುತ್ತದೆಯೇ?

ಅಷ್ಟರಲ್ಲಿ ಅವರ ಗಂಡ ಸಿದ್ದೇಗೌಡರು ಸೋಡಾ ಹಿಡಿದು ಬಂದರು, ಹಿಂದೆಯೇ ನಮ್ಮ ಯಜಮಾನರು. ಸಿದ್ದೇಗೌಡರು ಕೈ ಚಾಚಿದರು. ಪುಟ್ಟತಾಯಮ್ಮ ಮಗನ ಕೈಯನ್ನು ಅದರಲ್ಲಿಟ್ಟು “ಕೊಟ್ಟೆ” ಅಂದರು. ಅವರು “ಈಸ್ಕಂಡೆ” ಅಂದರು. ಅಂದ ಮೇಲೇ ಈಕೆ ಬಿಟ್ಟದ್ದು.

ಇದೇನು ಅಂತ ಕೇಳಿದೆ. ಸಿದ್ದೇಗೌಡರು ವಿ.ಸಿ. ಫಾರಂ ಅನ್ನುವ ಸರ್ಕಾರಿ ಕೃಷಿ ಕೇಂದ್ರದಲ್ಲಿ ದನ ನೋಡಿಕೊಳ್ಳುತ್ತಿದ್ದವರು. ಹೋರಿಯ ಹಗ್ಗ ಕೈ ಬದಲಾಯಿಸುವಾಗ ಕೊಡುವವನು ಕೊಟ್ಟೆ ಅನ್ನಬೇಕು, ಎದುರಿನವನು ಈಸ್ಕಂಡೆ, ಅಂದರೆ ನನ್ನ ಕೈಗೆ ಬಂತು, ಅನ್ನುವ ತನಕ ಹಗ್ಗ ಬಿಡಬಾರದು ಎಂದು ಅವರ ಅಪ್ಪ ಕಲಿಸಿದ್ದರಂತೆ. ಮಾದೇಶನಿಗೆ ಆರು ವರ್ಷವಿದ್ದಾಗ ಇವರಿಗೂ ನಮ್ಮ ಹಾಗೇ ಆಯಿತು. ಗಂಡನ ಹತ್ತಿರ ಇದ್ದಾನೆ ಅಂತ ಹೆಂಡತಿ, ಹೆಂಡತಿಯ ಹತ್ತಿರ ಅಂತ ಗಂಡ. ಒಂದು ಹಗಲೆಲ್ಲಾ ಹುಡುಗ ಸಿಗಲಿಲ್ಲ. ಸಂಜೆ ಸಿಕ್ಕ, ರೈಲು ಹಳಿಯ ಪಕ್ಕ ನಡೆಯುತ್ತಿದ್ದ. ಹಗ್ಗದ ನಿಯಮ ಅಂದೇ ಮನೆಯೊಳಕ್ಕೆ ಬಂತು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲವಂತೆ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಈ ಎರಡು ಮಾತು ಮಾತ್ರ ಆಡುತ್ತಿದ್ದರಂತೆ.

ಮಳವಳ್ಳಿಗೆ ಯಾಕೆ ಹೊರಟಿದ್ದೀರಿ ಅಂತ ಕೇಳಿದೆ. ಕೇಳಬಾರದಿತ್ತೇನೋ.

“ಇವ್ರಿಗೆ ಎದೆ ಆಪರೇಸನ್ ಅಂತೆ ಕಣವ್ವ. ಒಂದಿಪ್ಪತ್ತು ದಿನ ಇವನ್ನ ಮಗ್ಳು ಮನೇಲಿ ಬುಡನ ಅಂತ ಓಯ್ತಾ ಇದ್ದೀವಿ.”

ಮಗಳು ಒಪ್ಪಿದ್ದಾರಾ ಅಂದೆ. ಅವಳೇನೋ ಒಪ್ಪಿದ್ದಾಳೆ, ಮನೆಯವರು ಏನಂತಾರೋ ಅಂದರು. ಆಮೇಲೆ ನೀರು ನೋಡುತ್ತಾ ಹೇಳಿದರು: “ಬಾಗ್ಲಲ್ಲಿ ನಿಂತು ಕೊಟ್ಟೆ ಅಂತೀನಿ. ಈಸ್ಕಂಡೆ ಅಂದ್ರೆ ಬುಟ್ಟು ಬತ್ತೀನಿ.”

“ಅನ್ನದೇ ಇದ್ದರೆ?”

ಪುಟ್ಟತಾಯಮ್ಮ ಮಗನ ಒದ್ದೆ ಕಾಲರು ಸರಿಮಾಡಿ, ಬಸ್ಸು ಬರುವ ಹೊತ್ತಾಯ್ತು ಅಂತ ಎದ್ದರು.

ಬಸ್ಸು ಬಂತು. ಮೊದಲು ಸಿದ್ದೇಗೌಡರು ಮಗನ ಕೈಯನ್ನು ಹೆಂಡತಿಗೆ ಒಪ್ಪಿಸಿ, ತಾವು ಹತ್ತಿ ಒಳಗಿನಿಂದ ಕೈ ನೀಡಿದರು. ಕಂಡಕ್ಟರು ಬೇಗ ಬೇಗ ಅಂತ ಸೀಟಿ ಊದುತ್ತಲೇ ಇದ್ದ. ಊದಲಿ ಬಿಡಿ. ಕೊಟ್ಟೆ. ಈಸ್ಕಂಡೆ. ಆಮೇಲೇ ಮಾದೇಶನ ಕಾಲು ಮೇಲಕ್ಕೆ ಹೋಯಿತು. ಅವರ ಫೋನ್ ನಂಬರ್ ಕೇಳಬೇಕು ಅನ್ನುವುದು ನೆನಪಾದಾಗ ಬಸ್ಸು ತಿರುವು ದಾಟಿತ್ತು. ಮಳವಳ್ಳಿಯ ಆ ಬಾಗಿಲಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಗೊತ್ತಾಗುವುದು ಬೇಡ ಅಂತಲೂ ಅನ್ನಿಸುತ್ತದೆ. ಹೆದರಿಕೆ.

ನಾವು ಜಲಪಾತಕ್ಕೆ ಹೋಗಲಿಲ್ಲ. ಕಾರು ತಿರುಗಿದ್ದು ಇಂಚರಾಗೆ ಗೊತ್ತಾಗಿಬಿಟ್ಟಿತು. ಮಂಡ್ಯ ಸೇರುವವರೆಗೂ ಕಿಟಕಿ ಬಡಿದು ಬಡಿದು ಅತ್ತಳು. ಅಳು ಮಗಳೇ, ಅಳುವಷ್ಟು ಉಸಿರಾದರೂ ಇದೆಯಲ್ಲ ಅಂದುಕೊಂಡೆ.

ಈಗ ನಮ್ಮ ಮನೆಯಲ್ಲೂ ಅದೇ ಎರಡು ಮಾತು. ಬಚ್ಚಲ ಬಾಗಿಲಲ್ಲಿ, ಗೇಟಿನಲ್ಲಿ, ಕಾರಿನಲ್ಲಿ. ಶಾಲೆಯ ವ್ಯಾನಿನ ಆಯಾ ಮೊದಲ ದಿನ ನಕ್ಕಳು. ಹೇಳದೇ ಇದ್ದರೆ ಮಗುವನ್ನು ಬಿಡುವುದಿಲ್ಲ ಅಂತ ನಾನು ಗಟ್ಟಿಯಾಗಿ ನಿಂತೆ. ಈಗ ಅವಳೂ ಅನ್ನುತ್ತಾಳೆ.

ಆದರೆ ಪ್ರತಿ ಸಲ ಅನ್ನುವಾಗಲೂ ಆ ಬಾಗಿಲು ಕಣ್ಣ ಮುಂದೆ ಬರುತ್ತದೆ. ನನಗೆ ನಲವತ್ತೆರಡು, ಯಜಮಾನರಿಗೆ ನಲವತ್ತೇಳು, ಬಿ.ಪಿ. ಬೇರೆ. ಮುಂದಿನ ಚಿಂತೆ ಹೇಳಿಕೊಂಡರೆ ಅಕ್ಕ, ಭಾವ, ಸ್ನೇಹಿತರು, ಎಲ್ಲರದ್ದೂ ಒಂದೇ ಮಾತು, ಹೆದರಬೇಡ, ನಾವಿದ್ದೀವಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೇಳುವಾಗ ಯಾರ ಕೈಯೂ ಮುಂದೆ ಬಂದಿರುವುದಿಲ್ಲ.

‘ನಾವಿದ್ದೀವಿ’ ಅನ್ನುವವರು ನೂರು ಜನ ಸಿಗುತ್ತಾರೆ ಸ್ವಾಮಿ, ‘ಈಸ್ಕಂಡೆ’ ಅನ್ನುವವರು ಯಾರು?