ವಿಜ್ಞಾನಿಯ ಐದು ಕೆಲಸದ ದೀಪ

ದೀಪದ ಕಾರ್ಖಾನೆಯಲ್ಲಿ ಜೋಡಣೆ ಕೆಲಸ ಮಾಡುತ್ತಿದ್ದ ಅವನನ್ನು ಜೊತೆಯವರು ವಿಜ್ಞಾನಿ ಎಂದೇ ಕರೆಯುತ್ತಿದ್ದರು. ಗೌರವಕ್ಕಲ್ಲ. ಕೆಟ್ಟ ಫ್ಯಾನು ರಿಪೇರಿಗೆ ಕೊಟ್ಟರೆ ಅದಕ್ಕೊಂದು ಗಡಿಯಾರ ಸೇರಿಸಿ ಕೊಡುವ ಮಹಾನುಭಾವ ಅವನು. ಗಡಿಯಾರ ಓಡುತ್ತಿತ್ತು, ಫ್ಯಾನು ಮಾತ್ರ ಅಲ್ಲಾಡುತ್ತಿರಲಿಲ್ಲ.

ಇಂಥವನ ಅರಮನೆ ಒಂದೇ ಕೋಣೆಯದು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ಕಿಟಕಿ ಮುಚ್ಚಿ ಮಲಗಬೇಕು. ಅದೇ ಹೊತ್ತಿಗೆ ಮಗಳು ಪರೀಕ್ಷೆಗೆ ಓದಬೇಕು. ದೀಪ ಹಾಕಿದರೆ ಅಮ್ಮನಿಗೆ ನಿದ್ದೆಯಿಲ್ಲ, ಆರಿಸಿದರೆ ಮಗಳಿಗೆ ಅಕ್ಷರ ಕಾಣದು. ಕೊನೆಗೆ ಹೆಂಡತಿ ತೀರ್ಪು ಕೊಟ್ಟಳು: "ಪರೀಕ್ಷೆ ಮುಗಿಯೋ ತನಕ ಇವಳು ದೊಡ್ಡಮ್ಮನ ಮನೇಲಿರ್ಲಿ."

ಈ ಒಂದೇ ಕೋಣೆಯಲ್ಲಿ ವಿಜ್ಞಾನಿಯ ಮಾತಿಗೆ ಕಿವಿಗೊಡುತ್ತಿದ್ದ ಏಕೈಕ ಜೀವ ಮಗಳು. "ಭಾನುವಾರದ ತನಕ ತಡಿ ಕಣೇ, ದೀಪ ಮಾಡ್ತೀನಿ" ಎಂದ.

ಪುಟದ ಮೇಲಷ್ಟೇ ಬೆಳಕು ಬಿದ್ದಿದ್ದರೆ ಸಾಕಿತ್ತು. ಆದರೆ ಸಾಕು ಎನ್ನುವುದು ಅವನ ಜಾಯಮಾನದಲ್ಲೇ ಇಲ್ಲವಲ್ಲ! ದೀಪ ಗೋಡೆ ಹಿಡಿಯಿತು, ಮೇಜಿನ ಮೇಲೆ ಕೂತಿತು, ಕತ್ತು ಚಾಚಿ ಒಲೆಯವರೆಗೂ ಬೆಳಕು ಚೆಲ್ಲಿತು, ಮಡಚಿದರೆ ಮಂಚದಡಿ ಸೇರಿತು. ಸಾಲದ್ದಕ್ಕೆ ಬಟ್ಟೆ ನೇತುಹಾಕಲು ಕೊಕ್ಕೆ ಬೇರೆ. ಪ್ರತಿ ಕೀಲಿಗೂ ಒಂದೊಂದು ಸ್ಪ್ರಿಂಗು. ತನ್ನ ಪಾಳಿ ಮುಗಿದ ಮೇಲೆ ಕಾರ್ಖಾನೆಯ ಬೆಂಚಿನ ಮೇಲೆ ಮಲಗಿ, ತಾನೇ ಹೆಂಡತಿಯೆಂದುಕೊಂಡು ಪರೀಕ್ಷಿಸಿದ. ಒಂದು ಹನಿ ಬೆಳಕೂ ಕಣ್ಣಿಗೆ ಬೀಳಲಿಲ್ಲ. ಭಲೇ!

ಭಾನುವಾರ ಬೆಳಿಗ್ಗೆ ಹೆಂಡತಿ ಬಂದು, ದೀಪದ ಐದು ಕೆಲಸಗಳ ವರ್ಣನೆ ಕೇಳಿ ಮಲಗಿದಳು. ಮಗಳು ದೀಪದ ಕತ್ತನ್ನು ಮೆಲ್ಲಗೆ ಪುಟದತ್ತ ಎಳೆದಳು. ಕಿರ್‍ರ್... ಟಪ್!

ಹೆಂಡತಿ ಧಡಕ್ಕನೆ ಎದ್ದು ಕೂತಳು. "ಯಾರು ಬಾಗಿಲು ಒಡೀತಿರೋದು?"

"ಯಾರೂ ಇಲ್ಲಮ್ಮಾ, ಅಪ್ಪನ ದೀಪ."

"ಇದನ್ನ ಮಾಡುವಾಗ ಕಿವಿ ಯಾರಿಗೆ ಕೊಟ್ಟಿದ್ರಿ ನೀವು?"

ಕಿವಿ ಎಲ್ಲಿಗೂ ಹೋಗಿರಲಿಲ್ಲ. ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಯಂತ್ರದ ಪಕ್ಕದಲ್ಲೇ ಇತ್ತು. ಆ ಗದ್ದಲದಲ್ಲಿ ಸ್ಪ್ರಿಂಗಿನ ಕೂಗು ಯಾರಿಗೆ ಕೇಳಬೇಕು? ಎಣ್ಣೆ ಬಿಟ್ಟ, ಕಿರ್‍ರ್ ಹೋಯಿತು, ಟಪ್ ಉಳಿಯಿತು. ಮಗಳು ದೊಡ್ಡಮ್ಮನ ಮನೆಗೆ ಹೊರಡಲು ಬಟ್ಟೆ ಮಡಚತೊಡಗಿದಳು.

ಅದನ್ನು ನೋಡಲಾರದೆ ವಿಜ್ಞಾನಿ ಹಲ್ಲು ಕಚ್ಚಿ ಸ್ಪ್ರಿಂಗುಗಳನ್ನು ಒಂದೊಂದಾಗಿ ಕಿತ್ತ. ಕಿತ್ತಂತೆಲ್ಲ ದೀಪ ಒಂದೊಂದು ವಿದ್ಯೆ ಮರೆಯಿತು. ಉಳಿದದ್ದನ್ನು ತಂತಿ ಸುತ್ತಿ ಗೋಡೆಗೆ ಬಿಗಿದ. ಬೆಳಕು ಪುಟದ ಮೇಲೆ ಸುಮ್ಮನೆ ಬಿತ್ತು.

"ಐದು ಕೆಲಸ ಅಂದಿದ್ರಿ?" ಹೆಂಡತಿ ಹೊದಿಕೆಯೊಳಗಿಂದಲೇ ಕೇಳಿದಳು.

"ನಾಲ್ಕಕ್ಕೆ ರಜೆ ಕೊಟ್ಟಿದ್ದೀನಿ."

ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಮಗಳು ಪಿಸುಗುಟ್ಟಿದಳು, "ಅಪ್ಪಾ, ನಾನು ಬರಲ್ಲ ಅಂತ ದೊಡ್ಡಮ್ಮಂಗೆ ಹೇಳ್ಬಿಡು."

ತನ್ನ ಆವಿಷ್ಕಾರದ ಬಗ್ಗೆ ನಾಲ್ಕು ಮಾತಾಡಲು ವಿಜ್ಞಾನಿ ಬಾಯಿ ತೆರೆದ. ಮಗಳು ತುಟಿಗೆ ಬೆರಳಿಟ್ಟು, ಬಾಗಿಲು ತೋರಿಸಿದಳು.